ಇಳಿಜಾರಿನಲ್ಲಿ ತೂಕಕ್ಕೆ ಎರಡು ಕೆಲಸ

ನಮ್ಮ ಮನೆ ಶಿರಸಿಯಿಂದ ಪಶ್ಚಿಮಕ್ಕೆ, ಘಟ್ಟದ ಅಂಚಿನ ಹತ್ತಿರ. ಮುಂದೆ ತೋಟ, ಹಿಂದೆ ಸೊಪ್ಪಿನ ಬೆಟ್ಟ. ಬೇಸಿಗೆಯಲ್ಲಿ ಬೆಟ್ಟದ ಹುಲ್ಲು ಒಣಗಿ, ಮೇಲೆ ದರಕು, ಅಂದರೆ ಒಣಗಿದ ಎಲೆ ಬಿದ್ದು, ಇಡೀ ಇಳಿಜಾರು ಜಾರುಬಂಡಿಯಾಗುತ್ತಿತ್ತು. ತೋಟದಿಂದ ಒಂದು ಅಗಲವಾದ ಅಡಿಕೆ ಹಾಳೆ ಆರಿಸಿ ತರುವುದು, ಅದರ ಮೇಲೆ ಕೂತು ಮುಂದಿನ ತುದಿ ಹಿಡಿದುಕೊಳ್ಳುವುದು, ಹಿಂದಿನಿಂದ ಯಾರಾದರೂ ದೂಡುವುದು. ಚಡ್ಡಿ ಹರಿಯುತ್ತಿತ್ತು, ಮೊಣಕೈ ತರಚುತ್ತಿತ್ತು, ಸಂಜೆ ಆಯಿಯ ಕೈಲಿ ಬೈಸಿಕೊಳ್ಳುವುದೂ ಇರುತ್ತಿತ್ತು.

ಜಾರಿದ್ದಕ್ಕಿಂತ ಜಾಸ್ತಿ ಹೊತ್ತು ಜಗಳ ಆಡಿದ್ದೇವೆ. ದಪ್ಪ ಇದ್ದವನು ಬೇಗ ಜಾರುತ್ತಾನೋ, ಸಪೂರ ಇದ್ದವನೋ? ದೊಡ್ಡಪ್ಪನ ಮಗ ನನಗಿಂತ ಒಂದೂವರೆ ಪಟ್ಟು ತೂಕ. ತಾನು ಭಾರ ಇರುವುದರಿಂದ ಭೂಮಿ ತನ್ನನ್ನು ಜಾಸ್ತಿ ಎಳೆಯುತ್ತದೆ, ಹಾಗಾಗಿ ತಾನೇ ಮುಂದೆ ಅಂತ ಅವನ ವಾದ. ಭಾರ ಇದ್ದವನ ಹಾಳೆ ನೆಲಕ್ಕೆ ಜಾಸ್ತಿ ಒತ್ತಿಕೊಳ್ಳುತ್ತದೆ, ತಿಕ್ಕಾಟ ಜಾಸ್ತಿ, ಹಾಗಾಗಿ ನಾನೇ ಮುಂದೆ ಅಂತ ನನ್ನ ವಾದ. ಎಷ್ಟೋ ವರ್ಷದ ಮೇಲೆ ಗೊತ್ತಾಯಿತು, ಇಬ್ಬರ ಮಾತೂ ಅರ್ಧರ್ಧ ಸರಿ.

ಇಳಿಜಾರಿನಲ್ಲಿರುವ ಯಾವುದೇ ವಸ್ತುವಿನ ತೂಕ ಒಂದೇ ಹೊತ್ತಿಗೆ ಎರಡು ಕೆಲಸ ಮಾಡುತ್ತದೆ. ಒಂದು ಕಡೆ ಅದನ್ನು ಇಳಿಜಾರಿನ ಗುಂಟ ಕೆಳಗೆ ಎಳೆಯುತ್ತದೆ. ಇನ್ನೊಂದು ಕಡೆ ಅದನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಎಳೆತ ಜಾರಿಸುತ್ತದೆ. ಒತ್ತು ಘರ್ಷಣೆ ಹುಟ್ಟಿಸಿ ತಡೆಯುತ್ತದೆ. ನಮ್ಮ ಜಗಳದಲ್ಲಿ ಅವನು ಬರೇ ಎಳೆತ ನೋಡುತ್ತಿದ್ದ, ನಾನು ಬರೇ ಒತ್ತು ನೋಡುತ್ತಿದ್ದೆ. ತೂಕ ಒಂದೂವರೆ ಪಟ್ಟಾದರೆ ಎರಡೂ ಒಂದೂವರೆ ಪಟ್ಟಾಗುತ್ತವೆ ಅನ್ನುವುದು ಇಬ್ಬರಿಗೂ ಹೊಳೆದಿರಲಿಲ್ಲ.

ತೂಕದಲ್ಲಿ ಎಷ್ಟು ಎಳೆತಕ್ಕೆ, ಎಷ್ಟು ಒತ್ತಿಗೆ? ಅದನ್ನು ಇಳಿಜಾರು ತೀರ್ಮಾನಿಸುತ್ತದೆ. ಸಮತಟ್ಟು ಜಗಲಿಯಲ್ಲಿ ಪೂರ್ತಿ ತೂಕ ಒತ್ತು, ಎಳೆತ ಸೊನ್ನೆ. ನೆಟ್ಟಗಿನ ಗೋಡೆಯಲ್ಲಿ ಪೂರ್ತಿ ಎಳೆತ, ಒತ್ತು ಸೊನ್ನೆ. ನಡುವೆ, 30 ಡಿಗ್ರಿ ಇಳಿಜಾರಿನಲ್ಲಿ ತೂಕದ ಅರ್ಧ ಎಳೆತವಾಗುತ್ತದೆ, ಸುಮಾರು ನೂರಕ್ಕೆ 87 ಒತ್ತಾಗುತ್ತದೆ. ಐವತ್ತು ಮತ್ತು ಎಂಬತ್ತೇಳು ಕೂಡಿದರೆ ನೂರು ದಾಟಿತಲ್ಲ, ಇದೆಂಥ ಲೆಕ್ಕ ಅಂತ ಅಡಿಕೆ ಮಂಡಿಯಲ್ಲಿ ಕೂತವರು ಕೇಳಬಹುದು. ಎರಡೂ ಒಂದಕ್ಕೊಂದು ಲಂಬವಾದ ದಿಕ್ಕಿನಲ್ಲಿವೆ, ಹಾಗಾಗಿ ರೂಪಾಯಿ ಕೂಡಿಸಿದ ಹಾಗೆ ಕೂಡಿಸಲು ಬರುವುದಿಲ್ಲ. ಗದ್ದೆಯ ಎರಡು ಬದಿಯ ಬದುವಿನ ಮೇಲೆ ಸುತ್ತಿ ಹೋದರೆ ದೂರ ಜಾಸ್ತಿ, ಮೂಲೆಯಿಂದ ಮೂಲೆಗೆ ಅಡ್ಡ ಹಾಯ್ದರೆ ಕಮ್ಮಿ. ಹಾಗೇ ಇದು.

ಇನ್ನು ಘರ್ಷಣೆ. ಎರಡು ಮೈ ಒಂದಕ್ಕೊಂದು ಒತ್ತಿಕೊಂಡಾಗ, ಆ ಒತ್ತಿನ ಇಂತಿಷ್ಟು ಪಾಲು ತಡೆಯಾಗಿ ಸಿಗುತ್ತದೆ. ಆ ಪಾಲಿಗೆ ಘರ್ಷಣಾಂಕ ಅನ್ನುತ್ತಾರೆ. ಅದು 0.4 ಅಂದರೆ ನೂರು ಕೆಜಿಯಷ್ಟು ಒತ್ತಿದರೆ ನಲವತ್ತು ಕೆಜಿಯಷ್ಟು ಎಳೆತವನ್ನು ಅದು ತಡೆದು ನಿಲ್ಲಿಸಬಲ್ಲದು. ಎಳೆತ ಅದನ್ನು ಮೀರಿದರೆ ವಸ್ತು ಜಾರುತ್ತದೆ. ಅಂದರೆ ನೋಡಬೇಕಾದದ್ದು ಒಂದೇ: ಎಳೆತವನ್ನು ಒತ್ತಿನಿಂದ ಭಾಗಿಸಿದರೆ ಎಷ್ಟು ಬರುತ್ತದೆ. ಭಾಗಿಸುವಾಗ ತೂಕ ಮೇಲೂ ಇದೆ, ಕೆಳಗೂ ಇದೆ. ಹೊಡೆದುಹೋಗುತ್ತದೆ. ಉಳಿಯುವುದು ಇಳಿಜಾರಿನ ಎತ್ತರವನ್ನು ಅದರ ಪಾಯದ ಉದ್ದದಿಂದ ಭಾಗಿಸಿದ ಸಂಖ್ಯೆ. ಹೈಸ್ಕೂಲಿನಲ್ಲಿ ಅದನ್ನೇ ಟ್ಯಾನ್ ಅಂತ ಉರು ಹೊಡೆದಿದ್ದು.

ಹೇಳಿದರೆ ನಂಬುವುದು ಕಷ್ಟ. ಹೋದ ಮಳೆಗಾಲದಲ್ಲಿ ಕರೆಂಟು ಹೋದ ಒಂದು ಮಧ್ಯಾಹ್ನ ಮಗಳನ್ನು ಕೂರಿಸಿಕೊಂಡು ಜಗಲಿಯಲ್ಲಿ ಮಾಡಿ ನೋಡಿದೆ. ಒಂದು ಮೀಟರ್ ಉದ್ದದ ನುಣುಪು ಹಲಗೆ, ಅಳತೆ ಟೇಪು, ಒಂದು ಸ್ಟೀಲ್ ಡಬ್ಬಿ, ಇಷ್ಟೇ ಸಾಮಾನು. ಡಬ್ಬಿಯನ್ನು ಹಲಗೆಯ ಮೇಲಿಟ್ಟು ಒಂದು ತುದಿಯನ್ನು ನಿಧಾನಕ್ಕೆ ಎತ್ತುತ್ತಾ ಹೋದೆವು. ಡಬ್ಬಿ ಜಾರಲು ಶುರು ಮಾಡಿದ ಕೂಡಲೇ ಕೈ ನಿಲ್ಲಿಸಿ, ಎತ್ತಿದ ತುದಿ ನೆಲದಿಂದ ಎಷ್ಟು ಎತ್ತರ, ಅದರ ನೇರ ಕೆಳಗಿನಿಂದ ಹಲಗೆಯ ಬುಡ ಎಷ್ಟು ದೂರ ಅಂತ ಅಳೆದೆವು. ಖಾಲಿ ಡಬ್ಬಿ ಜಾರಿದ್ದು 38 ಸೆಂಟಿಮೀಟರ್ ಎತ್ತರದಲ್ಲಿ, ಪಾಯ 92. ಭಾಗಿಸಿದರೆ 0.41. ಆಮೇಲೆ ಅದೇ ಡಬ್ಬಿಗೆ ಕಂಠಮಟ್ಟ ಚಾಲಿ ಅಡಿಕೆ ತುಂಬಿದೆವು. ಈಗ ಎತ್ತರ 37, ಪಾಯ 93. ಅಂದರೆ 0.40. ಹತ್ತು ಸಲ ಮಾಡಿದರೆ ಒಂದೆರಡು ಸೆಂಟಿಮೀಟರ್ ಆಚೀಚೆ ಆಗುತ್ತಿತ್ತು. ಖಾಲಿಗೂ ತುಂಬಿದ್ದಕ್ಕೂ ಬೇರೆ ವ್ಯತ್ಯಾಸ ಇರಲಿಲ್ಲ.

"ಅಪ್ಪಾ, ಡಬ್ಬಿ ಭಾರ ಆಗಿದ್ದು ಹಲಗೆಗೆ ಗೊತ್ತೇ ಆಗ್ಲಿಲ್ವಾ?" ಅಂತ ಮಗಳು ಕೇಳಿದಳು. ಗೊತ್ತಾಯಿತು, ಎರಡು ಕಡೆಯಿಂದಲೂ ಗೊತ್ತಾಯಿತು, ಅದಕ್ಕೇ ಸುಮ್ನಾಯಿತು.

ಅಡಿಕೆ ಹಾಳೆಯ ತುಂಡನ್ನು ಒಳಮೈ ಕೆಳಗೆ ಮಾಡಿ ಇಟ್ಟೆವು. 29 ಸೆಂಟಿಮೀಟರಿಗೇ ಜಾರಿತು, ಸುಮಾರು 0.30. ರಬ್ಬರ್ ಚಪ್ಪಲಿ ಮಾತ್ರ 65 ಸೆಂಟಿಮೀಟರ್ ಎತ್ತುವ ತನಕ ಅಲ್ಲಾಡಲಿಲ್ಲ. ನೀವೂ ಮಾಡುವುದಾದರೆ ಎತ್ತರದ, ಸಪೂರ ಬಾಟಲಿ ಬೇಡ. ಅದು ಜಾರುವ ಮೊದಲೇ ಮಗುಚಿ ಬೀಳುತ್ತದೆ. ಅದರ ಲೆಕ್ಕ ಬೇರೆ.

ಡಬ್ಬಿಯನ್ನು ಅಡ್ಡ ಮಲಗಿಸಿ, ಉರುಳದ ಹಾಗೆ ನೋಡಿಕೊಂಡು ಜಾರಿಸಿದರೂ ಉತ್ತರ ಹೆಚ್ಚುಕಮ್ಮಿ ಅದೇ. ತಾಗುವ ಜಾಗ ಕಮ್ಮಿಯಾದರೆ ತಿಕ್ಕಾಟವೂ ಕಮ್ಮಿಯಾಗಬೇಕಿತ್ತಲ್ಲ? ಇದು ನನ್ನೊಬ್ಬನ ಅನುಮಾನ ಅಲ್ಲ. ಘರ್ಷಣೆ ಒತ್ತಿಗೆ ತಕ್ಕ ಹಾಗೆ ಏರುತ್ತದೆ, ತಾಗುವ ವಿಸ್ತಾರಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ಲಿಯೊನಾರ್ಡೊ ಡ ವಿಂಚಿ 15ನೇ ಶತಮಾನದ ಕೊನೆಯ ಹೊತ್ತಿಗೇ ತನ್ನ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದ. ಬರೆದದ್ದನ್ನು ಪ್ರಕಟಿಸಲಿಲ್ಲ. ಹಾಗಾಗಿ 1699ರಲ್ಲಿ ಫ್ರಾನ್ಸಿನ ಗಿಯೋಮ್ ಅಮೊಂಟೊನ್ ಇದನ್ನೇ ಮತ್ತೆ ಕಂಡುಹಿಡಿಯಬೇಕಾಯಿತು. ಈ ನಿಯಮಕ್ಕೆ ಅವನ ಹೆಸರೇ ನಿಂತಿತು.

ಯಾಕೆ ಹೀಗೆ ಅನ್ನುವುದು ಗೊತ್ತಾಗಲು 20ನೇ ಶತಮಾನ ಬರಬೇಕಾಯಿತು. ಕೇಂಬ್ರಿಜ್‌ನ ಬೌಡೆನ್ ಮತ್ತು ಟೇಬರ್ ಕೊಟ್ಟ ಉತ್ತರವನ್ನು ನಾನು ಚಿರೆಕಲ್ಲಿನ ಮೇಲೆ ಹೇಳುತ್ತೇನೆ. ಒಂದು ಚಿರೆಕಲ್ಲಿನ ಮೇಲೆ ಇನ್ನೊಂದನ್ನು ಇಡಿ. ಹೊರಗಿನಿಂದ ಪೂರ್ತಿ ಕೂತ ಹಾಗೆ ಕಾಣುತ್ತದೆ. ಬಗ್ಗಿ ನೋಡಿದರೆ ಬೆಳಕು ತೂರಿ ಬರುತ್ತದೆ. ನಿಜವಾಗಿ ತಾಗಿಕೊಂಡಿರುವುದು ಅಲ್ಲೊಂದು ಇಲ್ಲೊಂದು ಉಬ್ಬು. ನುಣುಪು ಸ್ಟೀಲು, ಗಾಜು ಎಲ್ಲದರ ಕಥೆಯೂ ಇದೇ, ಉಬ್ಬುಗಳು ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಒತ್ತು ಜಾಸ್ತಿಯಾದರೆ ಆ ಉಬ್ಬುಗಳು ಚಪ್ಪಟೆಯಾಗಿ ನಿಜವಾದ ತಾಗು ಹಿಗ್ಗುತ್ತದೆ. ಕಲ್ಲನ್ನು ಅಗಲಕ್ಕೆ ಮಲಗಿಸಿದರೆ ಜಾಸ್ತಿ ಉಬ್ಬುಗಳು ತಾಗುತ್ತವೆ, ಆದರೆ ಪ್ರತಿಯೊಂದರ ಮೇಲೂ ಭಾರ ಕಮ್ಮಿ. ನಿಲ್ಲಿಸಿದರೆ ಉಬ್ಬು ಕಮ್ಮಿ, ಭಾರ ಜಾಸ್ತಿ. ಒಟ್ಟು ತಾಗು ಅಷ್ಟಕ್ಕಷ್ಟೇ. ಇದು ಎಲ್ಲಕ್ಕೂ ಅಕ್ಷರಶಃ ಹೊಂದುವ ನಿಯಮ ಅಲ್ಲ. ಗಾಡಿಯ ಟೈರಿನ ರಬ್ಬರು ಮೆತ್ತಗಿರುವುದರಿಂದ ಇದನ್ನು ಸರಿಯಾಗಿ ಪಾಲಿಸುವುದಿಲ್ಲ. ಮಳೆಗಾಲದಲ್ಲಿ ನಮ್ಮ ಅಂಗಳಕ್ಕೆ ಹಿಡಿಯುವ ಪಾಚಿ, ಅಂದರೆ ಹಾವಸೆಯಂತೂ ಪಾಲಿಸುವುದೇ ಇಲ್ಲ. ಅದರ ಮಾತಿಗೆ ಆಮೇಲೆ ಬರುತ್ತೇನೆ.

ಹಲಗೆಯ ಆಟದಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಡಬ್ಬಿ ಜಾರಲು ಶುರು ಮಾಡಿದರೆ ಅಷ್ಟಕ್ಕೇ ನಿಲ್ಲುವುದಿಲ್ಲ, ಸರ್ರನೆ ಕೆಳಗೆ ಬಂದುಬಿಡುತ್ತದೆ. ಕೂತ ವಸ್ತುವನ್ನು ಹಿಡಿದಿಡುವ ಘರ್ಷಣೆ ಜಾಸ್ತಿ, ಜಾರುತ್ತಿರುವ ವಸ್ತುವನ್ನು ತಡೆಯುವ ಘರ್ಷಣೆ ಕಮ್ಮಿ. ಮೊದಲನೆಯದು ಸ್ಥಿರ ಘರ್ಷಣೆ, ಎರಡನೆಯದು ಚಲನ ಘರ್ಷಣೆ. ಕುಮಟಾ, ಕಾರವಾರದ ದಡದಲ್ಲಿ ದೋಣಿ ನೀರಿಗಿಳಿಸುವವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮಳೆಗಾಲವಿಡೀ ಮೇಲೆ ಎಳೆದಿಟ್ಟ ದೋಣಿಗೆ ಮೊದಲ ದೂಡಿಗೆ ಹತ್ತು ಜನ ಬೇಕು. ಒಮ್ಮೆ ಕದಲಿದ ಮೇಲೆ ಆರು ಜನ ಸಾಕು. ಕೂತಷ್ಟು ಹೊತ್ತು ಹಿಡಿತ ಜಾಸ್ತಿಯಾಗುತ್ತದೆ ಅನ್ನುವುದನ್ನು ಅಳೆದು ತೋರಿಸಿದವನು ಕೂಲಂಬ್, ವಿದ್ಯುತ್ ಪಾಠದಲ್ಲಿ ಬರುತ್ತಾನಲ್ಲ, ಅವನೇ. ಅವನು ಪ್ರಯೋಗ ಮಾಡಿದ್ದೂ ಫ್ರಾನ್ಸಿನ ರೋಶ್‌ಫೋರ್ ಬಂದರಿನ ಹಡಗುಕಟ್ಟೆಯಲ್ಲಿ. ಆ ಕೆಲಸಕ್ಕೆ 1781ರಲ್ಲಿ ಪ್ಯಾರಿಸ್ ಅಕಾಡೆಮಿಯ ಬಹುಮಾನ ಬಂತು.

ಈಗ ನಮ್ಮ ಬೆಟ್ಟದ ಲೆಕ್ಕ ಮುಗಿಸೋಣ. ಇಳಿಜಾರು 30 ಡಿಗ್ರಿ, ಜಾರುವಾಗಿನ ಘರ್ಷಣಾಂಕ 0.4 ಅಂತ ಹಿಡಿಯಿರಿ. ತೂಕದ ನೂರಕ್ಕೆ 50 ಎಳೆತ. ಒತ್ತು 87, ಅದರ 0.4 ಪಾಲು ಅಂದರೆ 35 ತಡೆ. ಮಿಕ್ಕಿದ್ದು 15. ಸುಮ್ನೆ ಮೇಲಿನಿಂದ ಬೀಳುವ ವಸ್ತುವಿನ ವೇಗ ಎಷ್ಟು ಬೇಗ ಏರುತ್ತದೋ ಅದರ ನೂರಕ್ಕೆ 15ರಷ್ಟರಲ್ಲಿ ನಮ್ಮ ವೇಗ ಏರುತ್ತದೆ. ಇಪ್ಪತ್ತು ಮೀಟರ್ ಜಾರುವಷ್ಟರಲ್ಲಿ ಗಂಟೆಗೆ 28 ಕಿ.ಮೀ. ಹಾಳೆಗೆ ಬ್ರೇಕ್ ಇಲ್ಲ ಅನ್ನುವುದನ್ನು ನೆನೆದರೆ ಈಗ ಎದೆ ಝಲ್ ಅನ್ನುತ್ತದೆ. ಈ ಲೆಕ್ಕದಲ್ಲೂ ತೂಕ ಎಲ್ಲೂ ಬರಲಿಲ್ಲ ನೋಡಿ. ಹಾಗಿದ್ದರೂ ದೊಡ್ಡಪ್ಪನ ಮಗ ಸಾಧಾರಣವಾಗಿ ಒಂದು ಮಾರು ಮುಂದೆಯೇ ಇರುತ್ತಿದ್ದ. ಅದಕ್ಕೆ ಗಾಳಿಯೂ ಕಾರಣ ಇರಬೇಕು. ಗಾಳಿಯ ತಡೆ ಮೈಯ ಅಗಲ ನೋಡುತ್ತದೆ, ತೂಕ ನೋಡುವುದಿಲ್ಲ. ಅವನ ತೂಕ ಒಂದೂವರೆ ಪಟ್ಟಾದರೂ ಎದೆಯ ಅಗಲ ಅಷ್ಟು ಜಾಸ್ತಿ ಇರಲಿಲ್ಲ. ಪೋಟಿ ಗೆದ್ದದ್ದು ಅವನೇ, ಕಾರಣ ಮಾತ್ರ ಅವನು ಹೇಳಿದ್ದಲ್ಲ. ಹೀಗಂತ ಮೊನ್ನೆ ಫೋನಿನಲ್ಲಿ ಹೇಳಿದರೆ ನಕ್ಕ, ಒಪ್ಪಲಿಲ್ಲ.

ಎಳೆತ, ಒತ್ತು ಎರಡೂ ಒಟ್ಟಿಗೆ ಏರಿಳಿಯುವ ತನಕ ಇಳಿಜಾರಿನ ಕೋನವೊಂದೇ ಯಜಮಾನ. ಈ ಕೋನವನ್ನು ಕೈಯಲ್ಲಿಟ್ಟುಕೊಂಡು ಕೆಲಸ ಮಾಡುವವರನ್ನು ನೋಡಬೇಕಾದರೆ ಕೊನೆ ಕೊಯ್ಲಿಗೆ, ಅಂದರೆ ಅಡಿಕೆ ಗೊನೆ ಇಳಿಸುವಾಗ ಬನ್ನಿ. ಕೊನೆಗೌಡರು ಮರದ ತುದಿಯಲ್ಲಿ ಕೂತು ಕೊನೆ ಕೊಯ್ದು ಹಗ್ಗಕ್ಕೆ ಸಿಕ್ಕಿಸಿ ಬಿಡುತ್ತಾರೆ. ಹಗ್ಗದ ಇನ್ನೊಂದು ತುದಿ ಹಿಡಿದು ಕೆಳಗೆ ಒಬ್ಬರು ದೂರದಲ್ಲಿ ನಿಂತಿರುತ್ತಾರೆ. ಕೊನೆ ಹಗ್ಗದ ಗುಂಟ ಜಾರಿ ಬರುತ್ತದೆ. ನೆಲಕ್ಕೆ ಬಿದ್ದು ಅಡಿಕೆ ಉದುರಬಾರದು, ಅದಕ್ಕೇ ಈ ಏರ್ಪಾಡು.

ಹತ್ತನೇ ಕ್ಲಾಸಿನ ರಜೆಯಲ್ಲಿ ಒಮ್ಮೆ ನಾನೇ ಹಗ್ಗ ಹಿಡಿಯಲು ಹೋದೆ. ಮರದ ಬುಡಕ್ಕೆ ಹತ್ತಿರ ನಿಂತಿದ್ದೆ. ಮೊದಲ ಕೊನೆ ಎಷ್ಟು ರಭಸದಲ್ಲಿ ಬಂತೆಂದರೆ ಹಿಡಿಯಲು ಹೋದ ಅಂಗೈ ಉರಿದು ಹೋಯಿತು. ಮೇಲಿನಿಂದ ಕೊನೆಗೌಡರು ಕೂಗಿದರು, "ತಮಾ, ಹಿಂದೆ ಸರಿ! ಇನ್ನೂ ಹಿಂದೆ!" ಹತ್ತು ಹೆಜ್ಜೆ ಹಿಂದೆ ಸರಿದೆ. ಮುಂದಿನ ಕೊನೆ ಸಾವಕಾಶವಾಗಿ, ಕರೆದಲ್ಲಿಗೆ ಬರುವ ಕರುವಿನ ಹಾಗೆ ಬಂತು.

ಆ ಹತ್ತು ಹೆಜ್ಜೆಯ ಬೆಲೆ ಎಷ್ಟು? ಕೊನೆ ಇರುವುದು 15 ಮೀಟರ್ ಎತ್ತರದಲ್ಲಿ, ಹಗ್ಗ ಬಿಗಿಯಾಗಿ ನೇರ ಇದೆ, ಘರ್ಷಣಾಂಕ 0.4 ಅಂತ ಇಟ್ಟುಕೊಳ್ಳಿ. ಬುಡದಿಂದ 15 ಮೀಟರ್ ದೂರ ನಿಂತರೆ ಕೊನೆ ಕೈಗೆ ಬರುವಾಗ ಗಂಟೆಗೆ 48 ಕಿ.ಮೀ. ವೇಗ. 25 ಮೀಟರಿಗೆ ಸರಿದರೆ 36. 30 ಮೀಟರಿಗೆ ಸರಿದರೆ 28. ಮೂವತ್ತೇಳೂವರೆ ಮೀಟರ್ ದೂರ ಹೋದರೆ ಎಳೆತಕ್ಕೂ ತಡೆಗೂ ಸಮ ಆಗಿ ಕೊನೆ ಇಳಿಯುವುದೇ ಇಲ್ಲ. ನಿಜವಾದ ಹಗ್ಗ ಸ್ವಲ್ಪ ಜೋಲು ಬೀಳುತ್ತದೆ. ಅದೂ ಒಳ್ಳೆಯದೇ. ಮೇಲೆ ಕಡಿದಾದ ಇಳಿಜಾರು, ಕೈಯ ಹತ್ತಿರ ಬರುವಾಗ ಹೆಚ್ಚುಕಮ್ಮಿ ಸಮತಟ್ಟು. ಕೊನೆ ತಾನಾಗಿಯೇ ನಿಧಾನ ಆಗುತ್ತದೆ. ಹಗ್ಗ ಹಿಡಿದವರು ಇದನ್ನೆಲ್ಲ ಒಂದು ಹೆಜ್ಜೆ ಆಚೀಚೆ ಇಟ್ಟು, ಕೈ ತುಸು ಸಡಿಲ ಬಿಟ್ಟು ನಿಭಾಯಿಸುತ್ತಾರೆ.

ಇನ್ನು ಮರದ ಮೇಲಿರುವವರ ಪಾಡು. ಮರ ನೆಟ್ಟಗಿದೆ. ಅಂದರೆ ಅವರ ತೂಕ ಪೂರ್ತಿ ಎಳೆತ, ಒತ್ತು ಸೊನ್ನೆ. ಒತ್ತಿಲ್ಲದೆ ಘರ್ಷಣೆ ಇಲ್ಲ. ತೂಕ ಮಾಡದ ಕೆಲಸವನ್ನು ಮೈಯೇ ಮಾಡಬೇಕು. ಕಾಲಿಗೆ ಹಾಕಿಕೊಂಡ ಹಗ್ಗದ ಬಳೆಯ ನೆರವಿನಿಂದ ಎರಡೂ ಪಾದಗಳು ಮರವನ್ನು ಇಕ್ಕಳದ ಹಾಗೆ ಅವುಚಿ ಹಿಡಿಯುತ್ತವೆ. ಅರವತ್ತು ಕೆಜಿಯ ಮನುಷ್ಯ, ಘರ್ಷಣಾಂಕ 0.5 ಆದರೆ, ಒಟ್ಟು 120 ಕೆಜಿ ಭಾರಕ್ಕೆ ಸಮನಾದ ಒತ್ತನ್ನು ಮರದ ಮೇಲೆ ಹಾಕಬೇಕು. ಮಳೆಗಾಲದಲ್ಲಿ ಕೊಳೆ ರೋಗದ ಔಷಧ ಹೊಡೆಯಲು ಹತ್ತುವಾಗ ಮರ ಒದ್ದೆ. ಘರ್ಷಣಾಂಕ ಅರ್ಧಕ್ಕಿಳಿದರೆ 240 ಕೆಜಿಯಷ್ಟು ಬೇಕು. ದಿನಕ್ಕೆ ಎಷ್ಟೋ ಮರ. ಕೊನೆಗೌಡರ ಕೂಲಿ ಜಾಸ್ತಿಯಾಯಿತು ಅಂತ ಗೊಣಗುವವರಿಗೆ ನಾನು ಈ ಲೆಕ್ಕ ಹೇಳುತ್ತೇನೆ.

ಒತ್ತುವುದು ಒಬ್ಬರು, ಎಳೆಸಿಕೊಳ್ಳುವುದು ಇನ್ನೊಬ್ಬರು ಆದರೆ? ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಲೆಂಗೆ ಇಳಿಯುವ ರೈಲು ದಾರಿಯಲ್ಲಿ ಅದೇ ಕಥೆ. ದೂಧಸಾಗರ ಜಲಪಾತದ ಎದುರಿಗೇ ಹಾದು ಹೋಗುವ ಆ 26 ಕಿ.ಮೀ. ಘಟ್ಟದ ಇಳಿಜಾರು 37ಕ್ಕೆ 1. ಮೂವತ್ತೇಳು ಮೀಟರ್ ಹೋದರೆ ಒಂದು ಮೀಟರ್ ಏರು. ನಡೆಯುವವನಿಗೆ ಇದು ಏರು ಅಂತಲೇ ಅನ್ನಿಸುವುದಿಲ್ಲ. ಆದರೆ ಹತ್ತುವ ರೈಲಿನಲ್ಲಿ ಇಡೀ ಗಾಡಿಯ ತೂಕ ಹಿಂದಕ್ಕೆ ಎಳೆಯುತ್ತದೆ, ಹಳಿಯನ್ನು ಕಚ್ಚಿ ಮುಂದಕ್ಕೆ ಒಯ್ಯುವುದು ಎಂಜಿನ್ನಿನ ಚಕ್ರಗಳು ಮಾತ್ರ. ಹಿಡಿತಕ್ಕೆ ಲೆಕ್ಕಕ್ಕೆ ಬರುವುದು ಎಂಜಿನ್ನಿನ ತೂಕ ಒಂದೇ. ಎಂಜಿನ್ 120 ಟನ್, ಹಳಿಗೂ ಚಕ್ರಕ್ಕೂ ಘರ್ಷಣಾಂಕ 0.25 ಅಂತ ಹಿಡಿದರೆ 30 ಟನ್ ಎಳೆತ ಸಿಗುತ್ತದೆ. 37ರಿಂದ ಗುಣಿಸಿದರೆ 1,110 ಟನ್. ತನ್ನನ್ನೂ ಸೇರಿಸಿ ಅಷ್ಟನ್ನು ಮಾತ್ರ ಒಂದು ಎಂಜಿನ್ ಹತ್ತಿಸಬಹುದು. ಅದಕ್ಕಿಂತ ಜಾಸ್ತಿಯಾದರೆ ಚಕ್ರ ಕೂತಲ್ಲೇ ತಿರುಗುತ್ತದೆ, ಎಂಜಿನ್ನಿಗೆ ಎಷ್ಟೇ ತಾಕತ್ತಿದ್ದರೂ ಪ್ರಯೋಜನ ಇಲ್ಲ. ಅದಕ್ಕೇ ಈ ಘಟ್ಟದಲ್ಲಿ ಗಾಡಿಗೆ ಹೆಚ್ಚುವರಿ ಎಂಜಿನ್ ಜೋಡಿಸಿ ಹಿಂದಿನಿಂದ ದೂಡಿಸುತ್ತಾರೆ. ಒದ್ದೆ ಹಳಿಗೆ ಎಂಜಿನ್ನಿನಿಂದಲೇ ಮರಳು ಉದುರಿಸುವ ಏರ್ಪಾಡೂ ಇರುತ್ತದೆ.

ರಸ್ತೆಯ ಘಟ್ಟಕ್ಕೆ ಬರೋಣ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ, ಯಲ್ಲಾಪುರದಿಂದ ಅಂಕೋಲಾಕ್ಕೆ ಅರಬೈಲು ಘಟ್ಟ. ಇಳಿಯುವಾಗ ಬ್ರೇಕ್ ಹಾಕಿದರೆ ಟೈರಿನ ಹಿಡಿತದಲ್ಲಿ ಒಂದು ಪಾಲು ಇಳಿಜಾರಿನ ಎಳೆತ ತಡೆಯುವುದಕ್ಕೇ ಖರ್ಚಾಗುತ್ತದೆ, ಮಿಕ್ಕಿದ್ದು ಗಾಡಿ ನಿಲ್ಲಿಸಲು. ಮಳೆಯಲ್ಲಿ ಘರ್ಷಣಾಂಕ 0.4, ಇಳಿಜಾರು 5 ಡಿಗ್ರಿ, ವೇಗ ಗಂಟೆಗೆ 40 ಕಿ.ಮೀ. ಇದ್ದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಸುಮಾರು 20 ಮೀಟರ್ ಬೇಕು. ಅದೇ ಒದ್ದೆ ರಸ್ತೆಯಲ್ಲಿ ಏರುತ್ತಿದ್ದರೆ 13 ಮೀಟರ್ ಸಾಕು. 60ರಲ್ಲಿ ಇಳಿಯುತ್ತಿದ್ದರೆ 45 ಮೀಟರ್. ಘಟ್ಟದ ತಿರುವಿನಲ್ಲಿ ಎದುರಿಗೆ ಅಷ್ಟು ದೂರ ರಸ್ತೆ ಕಾಣುವುದೇ ಅಪರೂಪ. ಗಾಬರಿಯಲ್ಲಿ ಬ್ರೇಕ್ ಒತ್ತಿ ಚಕ್ರ ಲಾಕ್ ಆದರೆ ಟೈರು ಉರುಳುವುದು ಬಿಟ್ಟು ಜಾರಲು ಶುರು ಮಾಡುತ್ತದೆ. ಉರುಳುವ ಟೈರು ರಸ್ತೆಗೆ ತಾಗುವ ಜಾಗದಲ್ಲಿ ಜಾರುವುದಿಲ್ಲ, ಹಾಗಾಗಿ ಅಲ್ಲಿರುವುದು ಸ್ಥಿರ ಘರ್ಷಣೆ. ಅದು ಹೋಗಿ ಚಲನ ಘರ್ಷಣೆ ಬರುತ್ತದೆ, ಹಿಡಿತ ಇನ್ನೂ ಕಮ್ಮಿ. ಎಬಿಎಸ್ ಮಾಡುವುದು ಚಕ್ರವನ್ನು ಲಾಕ್ ಆಗಲು ಬಿಡದ ಕೆಲಸ.

ಇಲ್ಲೂ ತೂಕ ಹೊಡೆದುಹೋಗುತ್ತದೆ ಅಂದಮೇಲೆ, ಬ್ರೇಕ್ ಹೋಗುವುದು ಯಾವಾಗಲೂ ಲೋಡ್ ಲಾರಿಗೇ ಯಾಕೆ? ಯಾಕೆಂದರೆ ಬಿಸಿಗೆ ಭಾಗಾಕಾರ ಗೊತ್ತಿಲ್ಲ. ಇಪ್ಪತ್ತು ಟನ್ ಲಾರಿ 300 ಮೀಟರ್ ಎತ್ತರದಿಂದ ವೇಗ ಏರದ ಹಾಗೆ ಇಳಿಯಬೇಕಾದರೆ ಆ ಶಕ್ತಿಯೆಲ್ಲ ಎಲ್ಲಾದರೂ ಹೋಗಬೇಕು. ಬರೇ ಬ್ರೇಕಿನಲ್ಲೇ ಇಳಿಸಿದರೆ ಅಷ್ಟೂ ಬಿಸಿಯಾಗಿ ಬ್ರೇಕಿಗೇ ಸೇರುತ್ತದೆ. ಆ ಬಿಸಿಯಲ್ಲಿ 180 ಲೀಟರಿಗೂ ಜಾಸ್ತಿ ತಣ್ಣೀರನ್ನು ಕುದಿಸಬಹುದು. ಬಚ್ಚಲ ಹಂಡೆಯ ಲೆಕ್ಕದಲ್ಲಿ ಎರಡು ಮೂರು ಹಂಡೆ, ಕೆಳಗೆ ಒಲೆ ಇಲ್ಲದೆ. ಖಾಲಿ ಲಾರಿಗೆ ಅದರ ಅರ್ಧವೂ ಆಗುವುದಿಲ್ಲ. ಕಾದ ಬ್ರೇಕಿನ ಘರ್ಷಣಾಂಕ ಇಳಿಯುತ್ತದೆ, ಡ್ರೈವರ್ ಇನ್ನೂ ಜೋರಾಗಿ ಒತ್ತುತ್ತಾನೆ, ಅದು ಇನ್ನೂ ಕಾಯುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಅಂತ ಹಳೆಯ ಡ್ರೈವರುಗಳು ಹೇಳುವುದು ಇದಕ್ಕೇ. ಆಗ ಬಿಸಿಯ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ.

ಅಂಗಳದ ಹಾವಸೆಯ ಮಾತು ಬಾಕಿ ಇತ್ತು. ಹಾವಸೆ ಯಾಕೆ ಅಷ್ಟು ಜಾರುತ್ತದೆ? ಎಣ್ಣೆಯ ಹಾಗೆ ಜಿಡ್ಡು ಅನ್ನುವುದು ಅರ್ಧ ಉತ್ತರ. ಕಾಲಿಟ್ಟ ಕೂಡಲೇ ಅಂಗಾಲಿಗೂ ನೆಲಕ್ಕೂ ನಡುವೆ ನೀರು, ಲೋಳೆ ಸಿಕ್ಕಿಕೊಳ್ಳುತ್ತದೆ. ಹೊರಗೆ ಹೋಗಲು ಪುರುಸೊತ್ತಿಲ್ಲ. ಆ ಕ್ಷಣಕ್ಕೆ ನಿಮ್ಮ ತೂಕವನ್ನು ಹೊರುವುದು ಆ ನೀರು, ನೆಲ ಅಲ್ಲ. ನೆಲಕ್ಕೆ ಒತ್ತೇ ತಲುಪುವುದಿಲ್ಲ. ಮಳೆಗಾಲಕ್ಕೆ ಅಂಗಳದಲ್ಲಿ ಅಡಿಕೆ ಮರ ಸೀಳಿದ ದಬ್ಬೆ ಹಾಸುವುದರ ಗುಟ್ಟೂ ಇಷ್ಟೇ. ದಬ್ಬೆಗಳ ನಡುವಿನ ಸಂದಿಯಲ್ಲಿ ನೀರು ಇಳಿದು ಹೋಗುತ್ತದೆ, ಕಾಲು ಮರಕ್ಕೆ ತಾಗುತ್ತದೆ.

ಗುಡ್ಡ ಜಾರುವುದೂ ಹೀಗೇ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಕುಸಿದು ಗಂಗಾವಳಿ ನದಿಯೊಳಗೆ ಹೋಯಿತು. ಹೆದ್ದಾರಿ ಬದಿಯ ಅಂಗಡಿ, ಲಾರಿ, ಜನ ಎಲ್ಲವನ್ನೂ ತೆಗೆದುಕೊಂಡು ಹೋಯಿತು. ನೀರು ಕುಡಿದು ಮಣ್ಣು ಭಾರವಾಯಿತು, ಅದಕ್ಕೇ ಜಾರಿತು ಅಂತ ಆಗ ಎಷ್ಟೋ ಜನ ಹೇಳುತ್ತಿದ್ದರು. ಇಷ್ಟು ಹೊತ್ತು ಓದಿದ ನಿಮಗೆ ಅನುಮಾನ ಬರಬೇಕು. ಭಾರ ಜಾಸ್ತಿಯಾದರೆ ಎಳೆತದ ಜೊತೆ ಒತ್ತೂ ಜಾಸ್ತಿಯಾಗಬೇಕಲ್ವಾ?

ಮಳೆ ಮಾಡುವ ದೊಡ್ಡ ಕೆಡುಕು ಬೇರೆ. ಮಣ್ಣಿನ ಕಣಗಳ ನಡುವೆ ತುಂಬಿದ ನೀರು, ಹೊರಗೆ ಹೋಗಲು ದಾರಿ ಇಲ್ಲದಿದ್ದರೆ, ಕಣಗಳನ್ನು ಒಂದರಿಂದ ಒಂದು ದೂಡುತ್ತದೆ. ಮೇಲಿನ ಭಾರದ ಒಂದು ಪಾಲನ್ನು ನೀರೇ ಹೊತ್ತುಕೊಳ್ಳುತ್ತದೆ. ಕಣಕ್ಕೂ ಕಣಕ್ಕೂ ನಡುವಿನ ಒತ್ತು ಅಷ್ಟು ಕಮ್ಮಿಯಾಗುತ್ತದೆ. ಎಳೆತ ಮಾತ್ರ ಒಂದು ಚೂರೂ ಕಮ್ಮಿಯಾಗುವುದಿಲ್ಲ. ತೂಕದ ಎರಡು ಕೆಲಸದಲ್ಲಿ ಒಂದನ್ನು ನೀರು ಕದ್ದುಬಿಟ್ಟಿತು. ಮಣ್ಣಿನಲ್ಲಿ ಹಿಡಿತ ಕೊಡುವುದು ಒಟ್ಟು ಭಾರ ಅಲ್ಲ, ನೀರಿನ ಒತ್ತಡ ಕಳೆದು ಉಳಿದದ್ದು ಮಾತ್ರ ಅಂತ 1920ರ ದಶಕದಲ್ಲಿ ಸ್ಪಷ್ಟ ಮಾಡಿದವರು ಎಂಜಿನಿಯರ್ ಕಾರ್ಲ್ ಟೆರ್ಜಾಗಿ. ಇಂದಿಗೂ ಅಣೆಕಟ್ಟು, ತಡೆಗೋಡೆ, ಹೆದ್ದಾರಿ ಬದಿಯ ಗುಡ್ಡ ಎಲ್ಲದರ ಲೆಕ್ಕ ಇಲ್ಲಿಂದಲೇ ಶುರುವಾಗುತ್ತದೆ.

ಸಂಖ್ಯೆ ಹಾಕಿ ನೋಡಿ. 25 ಡಿಗ್ರಿಯ ಗುಡ್ಡ. ಎಳೆತವನ್ನು ಒತ್ತಿನಿಂದ ಭಾಗಿಸಿದರೆ 0.47. ಮಣ್ಣಿನ ಘರ್ಷಣಾಂಕ 0.62 ಇದ್ದರೆ ಗುಡ್ಡ ಗಟ್ಟಿ, ಮೂರನೇ ಒಂದರಷ್ಟು ಹಿಡಿತ ಮಿಕ್ಕಿದೆ. ನೀರು ಒತ್ತಿನ ನೂರಕ್ಕೆ ಮೂವತ್ತನ್ನು ಕದ್ದರೆ ಆ 0.62 ಇದ್ದಲ್ಲಿ 0.43 ಮಾತ್ರ ಕೈಗೆ ಸಿಗುತ್ತದೆ. 0.47ಕ್ಕಿಂತ ಕಮ್ಮಿ. ನೂರಾರು ವರ್ಷ ನಿಂತ ಗುಡ್ಡ ಒಂದು ಬೆಳಿಗ್ಗೆ ಹೊರಡುತ್ತದೆ. ಮರದ ಬೇರು, ಮಣ್ಣಿನ ಸ್ವಂತ ಅಂಟು ಇವೂ ಹಿಡಿತಕ್ಕೆ ಸೇರುತ್ತವೆ, ಹಾಗಾಗಿ ಕಾಡು ಕಡಿದರೆ ಅದೂ ಹೋಗುತ್ತದೆ. ಬುಡ ಕಡಿದು ರಸ್ತೆ ಅಗಲ ಮಾಡಿದರೆ ಗುಡ್ಡದ ಕೋನವೇ ಏರುತ್ತದೆ. ಕೋನ ಏರಿಸಿ, ಅಡಿಯಿಂದ ಆಸರೆ ತೆಗೆದು, ನೀರಿಗೆ ದಾರಿ ಕೊಡದೆ ಬಿಟ್ಟ ಗುಡ್ಡದ ಮೇಲೆ ನಮ್ಮ ಜುಲೈ ತಿಂಗಳ ಮಳೆ ಬೀಳುತ್ತದೆ.

ಊರಿನವರನ್ನು ದೂರಿ ಏನು, ನಾನೂ ಇದೇ ತಪ್ಪು ಮಾಡಿದವನು. ಮನೆ ಹಿಂದಿನ ಧರೆಗೆ, ಅಂದರೆ ಕಡಿದಾದ ಮಣ್ಣಿನ ದಿಬ್ಬಕ್ಕೆ, ಕೆಲವು ವರ್ಷದ ಹಿಂದೆ ಪಾಗಾರ, ಅಂದರೆ ತಡೆಗೋಡೆ ಕಟ್ಟಿಸಿದೆ. ಚಿರೆಕಲ್ಲು, ಸಿಮೆಂಟು, ಮೇಲೆ ಗಿಲಾವು. ನಡುವೆ ಪೈಪ್ ತುಂಡು ಇಡಬೇಕಾ ಅಂತ ಮೇಸ್ತ್ರಿ ಕೇಳಿದ್ದ. ಕೆಂಪು ನೀರು ಸೋರಿ ಗೋಡೆ ಗಲೀಜಾಗುತ್ತದೆ, ಬೇಡ ಅಂದೆ. ಎರಡನೇ ಮಳೆಗಾಲಕ್ಕೆ ಗೋಡೆಯ ಹೊಟ್ಟೆ ಮುಂದೆ ಬಂತು. ಆಗಸ್ಟಿನ ಒಂದು ರಾತ್ರಿ ಅಷ್ಟುದ್ದ ಪಾಗಾರ ಕೊಟ್ಟಿಗೆಯ ಬದಿಗೆ ಮಲಗಿತು. ದನಗಳಿಗೆ ಏನೂ ಆಗಲಿಲ್ಲ, ಅದೊಂದು ಪುಣ್ಯ.

ಈಗಿರುವ ಪಾಗಾರದಲ್ಲಿ ಮಾರಿಗೊಂದರಂತೆ ಪೈಪ್ ಇದೆ, ಹಿಂದೆ ಜಲ್ಲಿ ತುಂಬಿದೆ. ಜೋರು ಮಳೆ ಬಂದ ಮರುದಿನ ಮಗಳು ಛತ್ರಿ ಹಿಡಿದು ಅವನ್ನು ಎಣಿಸುತ್ತಾ ಹೋಗುತ್ತಾಳೆ. ಮೊನ್ನೆ ಎಡದಿಂದ ಮೂರನೆಯದು ಬರೇ ತೊಟ್ಟಿಕ್ಕುತ್ತಿದೆ ಅಂತ ಓಡಿ ಬಂದು ಹೇಳಿದಳು. ಕೋಲು ಹಾಕಿ ಕೆದಕಿದೆ. ಒಳಗೆ ದರಕು ಮುದ್ದೆಯಾಗಿ ಸಿಕ್ಕಿಕೊಂಡಿತ್ತು. ಅದನ್ನು ಎಳೆದದ್ದೇ ತಡ, ಕೆಂಪು ನೀರು ದಬದಬ ಅಂತ ಇಬ್ಬರ ಕಾಲ ಮೇಲೂ ಸುರಿಯಿತು.